ಮಲಗಿದವಳ ಕನ್ನಡಕ

ಅವಳನ್ನ ಕರಕೊಂಡು ಬರೋಕಾಗಲ್ಲ ಅಂದೆನಲ್ಲಪ್ಪ. ಮತ್ತೆ ಅದನ್ನೇ ಕೇಳ್ತೀಯ.

ಮುಖ ನೋಡದೆ ಕನ್ನಡಕ ಕೂರಿಸೋಕಾಗಲ್ಲ, ಸರಿ. ನನ್ನ ಹೆಂಡತಿ ಮುಖ ನೀನು ನೋಡಿಲ್ವಾ? ಹೋದ ಬೇಸಿಗೇಲಿ ಇದೇ ಸ್ಟೂಲ್ ಮೇಲೆ ಕೂತಿದ್ದಳು. 'ನೆಲ ಇಳಿಜಾರಾಗಿ ಕಾಣುತ್ತೆ, ನಿನ್ನ ಅಂಗಡೀನೇ ಸೊಟ್ಟಗೆ ಕಟ್ಟಿಸಿದೀಯ' ಅಂತ ನಿನ್ನ ಮೇಲೆ ರೇಗಿದಳಲ್ಲ, ಅವಳೇ... ನಗು ಬಂತಾ. ಹಾಗಾದರೆ ನೆನಪಿದೆ.

ಆವತ್ತು ನೀನು ಗಾಜು ಬದಲಾಯಿಸಲಿಲ್ಲ. ಫ್ರೇಮಿನ ಕೆಳಗಡೆ ಒಂಚೂರು ಕೆನ್ನೆ ಕಡೆ ಬಗ್ಗಿಸಿದೆ, ಅಷ್ಟೆ. ನೆಲ ನೆಟ್ಟಗಾಯ್ತು. ದಾರಿ ಉದ್ದಕ್ಕೂ ಅಂಗಡಿ ಬೋರ್ಡು ಓದಿಕೊಂಡೇ ಬಂದಳು. ನನ್ನ ಕಿವಿ ತೂತು ಬೀಳೋ ಹಾಗೆ.

ಈಗ ನೋಡು ಇದನ್ನ. ಆಸ್ಪತ್ರೇಲಿ ಬಿಚ್ಚಿ ಚೀಲಕ್ಕೆ ಹಾಕಿದ್ದರು. ಅದರ ಮೇಲೆ ಫ್ಲಾಸ್ಕ್ ಕೂತಿತ್ತು. ಒಂದು ಗಾಜು ರೆಪ್ಪೆಗೆ ತಾಗುತ್ತೆ, ಇನ್ನೊಂದು ದೂರ ನಿಲ್ಲುತ್ತೆ. ಹಿಂಗೆ ಹಾಕಿದರೆ ಎದುರಿಗಿರೋರ ಮುಖ ಕಲಸಿಹೋಗುತ್ತೆ. ನೀನೇ ಹೇಳಿದ್ದು.

ಸರಿ ಮಾಡು. ಆದರೆ... ಮಲಗಿದವರಿಗೆ ಕೂರೋ ಹಾಗೆ. ಅಂಗಾತ ಮಲಗಿದರೆ ಹಣೆ ಕಡೆ ಜಾರುತ್ತೆ. ಕಡ್ಡಿ ಕಿವಿ ಹಿಂದೆ ಬಿಗಿಯಾಗಿ ಬರಲಿ.

ಓದೋದಾ? ಇಲ್ಲಪ್ಪ. ಟೀವಿನೂ ಇಲ್ಲ. ಸುಮ್ಮನೆ ಮಲಗಿರ್ತಾಳೆ.

ಹ್ಞಾ, ಬಿಸಿಗಾಳಿ ಮೆಷಿನ್ನಿಗೆ ಹಿಡಿ. ಆವತ್ತೂ ಹಂಗೇ ಮಾಡಿದ್ದೆ... ಇನ್ನೂ ಬಿಗಿ. ನೋವಾಗಲ್ಲ, ನೀನು ಮಾಡು. ಪಕ್ಕಕ್ಕೆ ಹೊರಳಿದಾಗ ಒತ್ತುತ್ತೆ ಅಂತೀಯಾ?

ಅವಳು ಹೊರಳಲ್ಲ.

ಸಂಜೆ ಬಾ ಅಂದರೆ ಆಗಲ್ಲ. ಈಗಲೇ ಬೇಕು. ಮನೆ ಮುಂದೆ ಜನ ಕಾಯ್ತಿದಾರೆ. ನನ್ನ ತಂಗಿ, 'ಈಗ ಕನ್ನಡಕ ಯಾಕಣ್ಣ, ಬಿಟ್ಟುಬಿಡು' ಅಂತಾಳೆ. ಅವಳಿಗೇನು ಗೊತ್ತು. ಕನ್ನಡಕ ಇಲ್ಲದಿದ್ದರೆ ಇವಳಿಗೆ ಗೋಡೆ ಯಾವುದು, ಬಾಗಿಲು ಯಾವುದು ಗೊತ್ತಾಗಲ್ಲ. ಬೆಳಗ್ಗೆ ಎದ್ದ ತಕ್ಷಣ ಕೈ ಮೊದಲು ಇದನ್ನ ತಡಕೋದು. ಆಮೇಲೆ ನನ್ನನ್ನ. ಹೊಸ ಜಾಗಕ್ಕೆ ಹಂಗೇ ಹೆಂಗೆ ಕಳಿಸಲಿ...

ಯಾಕಪ್ಪ, ಕೈ ನಿಲ್ಲಿಸಿಬಿಟ್ಟೆ?

ಹಂಗೆ ನೋಡಬೇಡ. ಮೊದಲೇ ಹೇಳಿದ್ದರೆ ನೀನು ನನ್ನನ್ನ ಕೂರಿಸಿ ನೀರು ಕೊಡ್ತಿದ್ದೆ. ಕನ್ನಡಕ ಪಕ್ಕಕ್ಕಿಡ್ತಿದ್ದೆ.

ಮೆಷಿನ್ ಆರಿಸಬೇಡ. ಆ ಮೂಗಿನ ಪ್ಯಾಡೂ ಒಂಚೂರು ಹತ್ತಿರ ಮಾಡು. ಬೆಳಗ್ಗೆಯಿಂದ ಅವಳ ಮೂಗು ಸಣ್ಣಗಾಗಿದೆ.