ಬಯಕೆಯಿಲ್ಲದ ಬಸುರಿ

ಒಂದು ಊರಲ್ಲಿ ಯಾವ ಕೊರತೆಯೂ ಇಲ್ಲದ ಒಬ್ಬ ಶ್ರೀಮಂತನ ಮನೆ ಇತ್ತು, ತಾಯಂದಿರೇ. ಆ ಮನೆಯ ಸೊಸೆ ಬಸುರಿಯಾದಳು. ತವರಿನಲ್ಲಿ ಅವಳಿಗೆ ತಾಯಿ ಇರಲಿಲ್ಲ. ಸೀಮಂತದ ಕುಬಸವೂ ಬಾಣಂತನವೂ ಅತ್ತೆಯ ಮನೆಯಲ್ಲೇ ಎಂದು ಮಾತಾಯಿತು.

ಕುಬಸದ ದಿನ ಅತ್ತೆ ಎಲ್ಲರ ಮುಂದೆ ಕೇಳಿದಳು: "ನಿನಗ ಏನ್ ತಿನ್ನಬೇಕು ಅನಸ್ತದವಾ?"

"ಏನೂ ಬ್ಯಾಡ್ರಿ ಅತ್ತಿ."

ನೆರೆಮನೆಯವಳು ನಕ್ಕಳು. "ಪುಣ್ಯಾ ಮಾಡೀರಿ ಬಿಡ್ರಿ! ನಮ್ಮ ಸೊಸಿ ಬಯಕಿ ತೀರಸೂದ್ರಾಗ ನಮ್ಮವರ ಚಪ್ಪಲ್ ಹರದು ಹೋದ್ವು."

ಅತ್ತೆಗೆ ಹೆಮ್ಮೆ. ಏನೂ ಬೇಡದ ಸೊಸೆ, ಎಂಥ ತೃಪ್ತಿಯ ಹುಡುಗಿ! ನೋಡಿ, ಅಲ್ಲಿ ಅಷ್ಟು ಹೆಂಗಸರಿದ್ದರು, ಎಲ್ಲರೂ ಹೆತ್ತವರೇ. ಬಸುರಿಗೆ ಬಯಕೆಯೇ ಯಾಕಿಲ್ಲ ಎಂದು ಒಬ್ಬರಾದರೂ ಕೇಳಿದರೇ? ಇಲ್ಲ. ಉಡಿ ತುಂಬಿದರು, ಉಂಡರು, ಹೋದರು.

ಕೂಸು ಹುಟ್ಟಿತು. ಚುಚ್ಚುಮದ್ದಿನ ದಿನ ಬಂತು. ಅತ್ತೆ, ಮಾವ, ಗಂಡ, ಎಲ್ಲರೂ ಕೂಸನ್ನು ಶಾಲಿನಲ್ಲಿ ಸುತ್ತಿಕೊಂಡು ಕಾರಿನಲ್ಲಿ ಹೊರಟರು. ಬಾಣಂತಿ ಕೋಣೆಯಲ್ಲೇ ಉಳಿದಳು.

"ಕೂಸು ಆರಾಮ ಅದ," ಎಂದಳು ಆಸ್ಪತ್ರೆಯ ಸಿಸ್ಟರ್. "ತಾಯಿ ಎಲ್ಲಿ ಅದಾಳ್ರಿ?"

"ಹಸೀ ಬಾಣಂತಿರಿ, ಗಾಳಿ ಹತ್ತಬಾರದು," ಎಂದಳು ಅತ್ತೆ. " ಆಕಿಗೇನಾಗೇದ್ರಿ? ಛಲೋ ಅದಾಳ."

"ಆಕಿನ್ನೂ ನೋಡಬೇಕ್ರಿ ಯಮ್ಮಾ. ಮುಂದಿನ ಸಲ ಕರಕೊಂಡ ಬರ್ರಿ."

ಮುಂದಿನ ಸಲವೂ ಕೂಸೊಂದೇ ಹೋಯಿತು. ಅದರ ಮುಂದಿನ ಸಲವೂ ಕೂಸೊಂದೇ.

ಒಂದು ಮಧ್ಯಾಹ್ನ ಕೂಸು ಅಳುತ್ತಲೇ ಇತ್ತು. ಅತ್ತೆ ಓಡಿ ಬಂದು ನೋಡಿದರೆ ಸೊಸೆ ಪಕ್ಕದಲ್ಲೇ ಕುಳಿತು ಗೋಡೆ ನೋಡುತ್ತಿದ್ದಾಳೆ.

"ಎತ್ತಿಕೊಳ್ಳವಾ, ಹಸದದ."

"ಬ್ಯಾಡ್ರಿ ಅತ್ತಿ. ನಾ ಇಲ್ಲದಿದ್ರನ ಕೂಸಿಗೆ ಛಲೋ ಆಗ್ತದ."

ಆ ದನಿ ಅತ್ತೆಗೆ ಗೊತ್ತಿತ್ತು. ಕುಬಸದ ದಿನ ಬೇಡ ಎಂದದ್ದೂ ಇದೇ ದನಿಯಲ್ಲಿ. ಅಂದು ತಾನು ಅದನ್ನು ತೃಪ್ತಿ ಎಂದು ಹೊಗಳಿ ಬಿಟ್ಟಿದ್ದಳು. ಗಾಳಿ ಎನ್ನಲಿಲ್ಲ, ಜನ ಎನ್ನಲಿಲ್ಲ, ಸೊಸೆಯ ಕೈ ಬಿಡದೆ ಆಸ್ಪತ್ರೆಗೆ ಕರೆದುಕೊಂಡು ಹೋದಳು.

ಇದು ಮನಸ್ಸಿನ ಕಾಯಿಲೆ, ಬಸುರಿನಲ್ಲೇ ಶುರುವಾಗಿದೆ ಎಂದರು ಡಾಕ್ಟರು. ಔಷಧ ಕೊಟ್ಟರು, ಕೂರಿಸಿಕೊಂಡು ಮಾತಾಡಿಸಿದರು. ಹುಡುಗಿ ಮೆಲ್ಲಗೆ, ಬಹಳ ಮೆಲ್ಲಗೆ, ಗೋಡೆಯಿಂದ ಮನೆಯವರ ಕಡೆಗೆ ತಿರುಗಿದಳು. ಅಷ್ಟರಲ್ಲಿ ಕೂಸು ಹೊಸ್ತಿಲು ದಾಟುತ್ತಿತ್ತು. ಅದು ನಗುವುದನ್ನೇ ನೋಡುತ್ತಾ ಒಂದು ದಿನ ಕೇಳಿದಳು:

"ಅತ್ತಿ, ಇದು ಮೊದಲ ಸಲ ಯಾವಾಗ ನಕ್ಕಿತ್ರಿ? ನನಗ ನೆನಪ ಇಲ್ಲ."

ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಹೋದ ನಗುವನ್ನು ಯಾರು ತಂದುಕೊಟ್ಟಾರು?

ಇದು ಯಾರದೋ ಮನೆಯ ಕಥೆ ಎಂದು ಎದ್ದು ಹೋಗಬೇಡಿ. ನಿಮ್ಮ ಮನೆಯ ಬಸುರಿ ಬೇಡ ಬೇಡ ಎನ್ನುತ್ತಿದ್ದರೆ ಹೊಗಳಬೇಡಿ. ಪಕ್ಕ ಕುಳಿತುಕೊಳ್ಳಿ, ಕೇಳಿ, ಡಾಕ್ಟರಿಗೆ ಹೇಳಿ. ಗಂಡಸರೇ, ಇದು ನಿಮಗೂ ಹೇಳಿದ್ದು. ಹೆರಿಗೆಯಾದ ಮೇಲೆ ಆಸ್ಪತ್ರೆಯವರು ಕರೆಯುವುದು ತಾಯಿ, ಕೂಸು ಇಬ್ಬರನ್ನೂ. ಗಾಳಿಯ ಹೆದರಿಕೆಯಿದ್ದರೆ ಕಿವಿಗೆ ಬಟ್ಟೆ ಕಟ್ಟಿ, ಶಾಲು ಹೊದಿಸಿ, ಆದರೆ ಕರೆದುಕೊಂಡು ಹೋಗಿ. ಕೂಸನ್ನು ಎತ್ತಿಕೊಂಡು ಹೊರಟಾಗ ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿ, ತಾಯಿ ಒಳಗೇ ಉಳಿದಳೇ ಎಂದು.