ಜಗಲಿಯ ಹಿಂದಿನ ಗಡಿಗೆ

ಹುನ್ನೂರಿನಲ್ಲಿ ತೇರದಾಳದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಕಟ್ಟೆಯ ಮೇಲೆ ಖಾಕಿ ಸೀರೆಯ ಪೊಲೀಸ್ ಹೆಂಗಸೊಬ್ಬಳು ತನ್ನ ಸ್ವಂತ ಚಿಗವ್ವನನ್ನೇ ಜಮಖಂಡಿ ಕೋರ್ಟಿಗೆ ಒಯ್ಯಲು ಕೂತಿದ್ದಳು. ಸೆರೆ, ಸಾರಾಯಿ ನಿಷೇಧಿಸಿ ದಾರೂಬಂದಿ ಕಾಯ್ದೆ ಬಂದ ಮೇಲೆ ಕಳ್ಳಬಟ್ಟಿಯ ಇಂಥ ಕೇಸು ಹೊಸದಲ್ಲ. ಪುಸ್ತಕದಲ್ಲಿ ಮುಖ ಹುದುಗಿಸಿದ್ದರೂ ನನಗೆ ಎಲ್ಲ ಕೇಳಿಸಿತು.

"ಗಂಡಸು ಪೊಲೀಸರು ಎರಡ ಸಲ ಬಂದ್ರು, ಹೊಳೆವ್ವ. ಮನಿದೇವ್ರು ಬೀರಪ್ಪನ ಪೂಜಾ ಜಗಲಿಗೆ ಯಾರೂ ಕೈ ಹಚ್ಚಲಿಲ್ಲ."

"ಹೊರಗಿನವರು ಹಚ್ಚಬಾರದಲ್ಲ, ಚಿಗವ್ವ."

"ಅದಕ್ಕ ಮನಿಮಗಳನ್ನ ಕಳಿಸಿದ್ರೇನು?"

"ಯಾರೂ ಕಳಸಲಿಲ್ಲ. ಸೆರೆ ಗಡಿಗಿ ಜಗಲಿ ಹಿಂದ ಅದಾವಂತ ನಾನ ಹೇಳಿದ್ನಿ."

"ಹೋದ ಅಮಾಸಿಗೆ ಉಣ್ಣಾಕ ಬಂದಾಗ ನೋಡಿದ್ದಿ. ಮಗಳ ಮುಂದ ಏನ ಮುಚ್ಚಿಡೂದು ಅಂತ ನಾನೂ ಸುಮ್ಮನಿದ್ನಿ."

"ನಾ ಹೇಳದಿದ್ರ ನಾನ ಬಚ್ಚಿಟ್ಟೆ ಅಂತಿದ್ರು. ನೌಕರಿ ಹೋಗತಿತ್ತು."

"ಆ ನೌಕರಿಗೆ ನಿಮ್ಮಪ್ಪ ಒಲ್ಲೆ ಅಂದಾಗ ಮೂರು ದಿನ ಉಪಾಸ ಕುಂತು ಒಪ್ಪಿಸಿದಾಕಿ ಯಾರು?"

"ನೀನ," ಎಂದಳು ಹೊಳೆವ್ವ, ನೆಲ ನೋಡುತ್ತ.

ಜಮಖಂಡಿ ಬಸ್ಸು ಬಂತು. ಮುದುಕಿಯನ್ನು ಹತ್ತಿಸಲೆಂದು ಹೊಳೆವ್ವ ರಟ್ಟೆ ಹಿಡಿದಳು.

"ಕೈ ಬಿಡ್ರಿ, ಪೊಲೀಸ ಬಾಯಾರ," ಎಂದಳು ಚಿಗವ್ವ. "ನಾ ಎಲ್ಲೂ ಓಡಿ ಹೋಗೂದಿಲ್ಲ."