ಕೈ ಮೊದಲು, ಉರಿ ಆಮೇಲೆ

...ಮುಖ ತಿರುಗಿಸ್ಕೋಬೇಡಿ ಅತ್ತಿಗೆ, ಕಾಲಿಗೆ ಕಟ್ಟಿರೋ ಬಟ್ಟೆ ಬಿಚ್ಚಲೇಬೇಕು. ಗಾಯಕ್ಕೆ ಅಂಟಿಬಿಟ್ಟಿದೆ, ಸ್ವಲ್ಪ ನೀರು ಹಾಕಿ ನೆನೆಸ್ತೀನಿ. ಥೂ, ಎಂಥ ನಾತ. ನಿಮಗಲ್ಲ ಅಂದಿದ್ದು. ಕೀವಿನ ನಾತ ಒಂದು ಕಡೆ, ಒಲೆ ಮನೆಯಿಂದ ಬರೋ ಬೆಲ್ಲದ ವಾಸನೆ ಒಂದು ಕಡೆ... ಹನ್ನೊಂದು ದಿನದಿಂದ ಬೆಲ್ಲ ಬಾಯಿಗೆ ಹಾಕಿಲ್ಲ. ಈ ಬನ್ಯುಮಾಸ್ ಸೀಮೇಲಿ ತೆಂಗಿನ ಬೆಲ್ಲ ಕಾಯಿಸೋ ಮನೇಲೇ ಹುಟ್ಟಿದೋಳು ನಾನು, ನಂಗೇ ಹೀಗೆ.

ಕಾಲು ಯಾಕೆ ಎಳ್ಕೊಂಡ್ರಿ? ನೋಡಿ, ಇದನ್ನೇ ರೆತ್ನೊ ಡಾಕ್ಟರಮ್ಮ ನಿನ್ನೆ ಹೇಳಿದ್ದು. ಎಳ್ಕೋಬೇಕು ಅಂತ ನೀವು ಯೋಚನೆ ಮಾಡಿದ್ರಾ? ಇಲ್ಲ ತಾನೆ? 'ಬಿಸಿ ತಗಲಿದ್ರೆ ಸುದ್ದಿ ನರದಲ್ಲಿ ಬೆನ್ನುಹುರಿಗೆ ಓಡತ್ತೆ ತುಕಿನಾ' ಅಂದ್ರು. 'ಅಲ್ಲಿಂದಲೇ ಇನ್ನೊಂದು ನರದಲ್ಲಿ ಸ್ನಾಯುಗೆ ಅಪ್ಪಣೆ ಬರತ್ತೆ, ಎಳ್ಕೋ ಅಂತ. ಮೆದುಳನ್ನ ಕೇಳ್ತಾ ಕೂರಲ್ಲ. ಮೆದುಳಿಗೆ ಉರಿ ಗೊತ್ತಾಗೋ ಹೊತ್ತಿಗೆ ಕೈ ಆಗಲೇ ಹಿಂದಕ್ಕೆ ಬಂದಿರತ್ತೆ.' ಕೇಳಿದ್ರಾ? ಕೈ ಮೊದಲು, ಉರಿ ಆಮೇಲೆ. ಇದರಲ್ಲಿ ನನ್ನ ತಪ್ಪೇನು?

ಹಾಗೆ ನೋಡಬೇಡಿ.

ಬಾವಿ ಹತ್ರ ಆ ಪಕ್ಕದ್ಮನೆ ಪಾಯಿನಾ ಅಂತಾಳಂತೆ, ನಾದಿನಿ ಬೇಕಂತಲೇ ಮಾಡಿದ್ದು ಅಂತ. ಮೊನ್ನೆ ಇಲ್ಲೇ ಕೂತು ನಿಮ್ಮ ತಲೆ ನೇವರಿಸಿದೋಳು. ಹೇಸಿಗೆ ಜನ. ಅಣ್ಣನೂ ಅಷ್ಟೆ. ತೆಂಗಿನ ಮರ ಇಳಿದು ಬಂದು ನೀರಾ ಇಟ್ಟು ಹೋಗ್ತಾನೆ, ನನ್ನ ಕಡೆ ತಿರುಗಿಯೂ ನೋಡಲ್ಲ. ನಾನು ಬಡಿಸಿದ ಅನ್ನ ತಿನ್ನಲ್ಲ.

ನೀವೇ ಇದ್ರಲ್ಲ ಅಲ್ಲಿ, ನೀವೇ ಹೇಳಿ. ಅವತ್ತು ಕೊಪ್ಪರಿಗೆ ಒಲೆಯಿಂದ ಇಳಿಸಿದ್ವಿ, ಆ ಕಡೆ ನೀವು, ಈ ಕಡೆ ನಾನು. ಪಾಕ ಇನ್ನೂ ಕುದೀತಿತ್ತು. ಒಂದು ತೊಟ್ಟು ನನ್ನ ಮಣಿಕಟ್ಟಿಗೆ ಸಿಡೀತು. ಅದರ ಉರಿ ಏನ್ ಹೇಳ್ಲಿ... ಪಾಕ ನೀರಿನ ಹಾಗೆ ಹರಿದು ಹೋಗಲ್ಲ, ಅಂಟಿಕೊಂಡು ಸುಡತ್ತೆ. ಹಲ್ಲು ಕಚ್ಚಿ ಹಿಡಿದೆ. 'ಬಿಡಬೇಡ ತುಕಿನಾ, ಇನ್ನೆರಡು ಹೆಜ್ಜೆ' ಅಂದ್ರಿ ನೀವು. ಹಿಡಿಗೆ ಸುತ್ತಿದ್ದ ಬಟ್ಟೆ ಜಾರ್ತಿತ್ತು. ಕೊಪ್ಪರಿಗೆ ನನ್ನ ಕಡೆ ವಾಲ್ತಾ ಬಂತು, ನನ್ನ ಹೊಟ್ಟೆ ಕಡೆ... ನಿಮ್ಮ ಪಾದ ಕಾಣ್ತು. ಬರಿಗಾಲು. ಅಷ್ಟರಲ್ಲಿ ಕೈ ತಾನಾಗೇ...

ಏನಂದ್ರಿ?

ನನ್ನ ಮಣಿಕಟ್ಟು ಯಾಕೆ ನೋಡ್ತಿದ್ದೀರಿ? ಸಣ್ಣ ಕಲೆ ಅದು.

ಅತ್ತಿಗೆ, ಬೈದುಬಿಡಿ ಬೇಕಾದ್ರೆ.

...ಹೌದು. ಉರಿ ಮೊದಲೇ ಗೊತ್ತಾಗಿತ್ತು. ಗೊತ್ತಾದ ಮೇಲೂ ಹಿಡಿದೇ ಇದ್ದೆ. ಕೈ ಎಳ್ಕೊಂಡಿದ್ರೆ ಅಷ್ಟೂ ಪಾಕ ನನ್ನ ಮೇಲೇ ಬೀಳ್ತಿತ್ತು.

ನಾನು ಎಳ್ಕೊಳ್ಳಲಿಲ್ಲ ಅತ್ತಿಗೆ. ನಿಮ್ಮ ಕಡೆ ತಳ್ಳಿದೆ.